ಬಳಸುವವರ ಜೊತೆಗೆ ಬಳಸುವವರೇ: ಹಾನಿ ತಗ್ಗಿಸುವ ಕೆಲಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಾದಕ ವಸ್ತು ಬಳಸುವವರಿಗೆ ಆಗುವ ಹಾನಿಯನ್ನು ತಗ್ಗಿಸುವ ಕೆಲಸವನ್ನು ಅದೇ ಬಳಗದವರು ಮುಂದೆ ನಿಂತು ನಡೆಸುವ ಕ್ರಮದ ಬಗ್ಗೆ ತರಬೇತಿಗಳಲ್ಲಿ, ಪತ್ರಗಳಲ್ಲಿ, ಫೋನಿನಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಡಲಾಗಿದೆ. ಈ ಕ್ಷೇತ್ರದಲ್ಲಿ ದುಡಿಯುವವರು ಬಳಗದೊಳಗಿನ ಕಾರ್ಯಕರ್ತರನ್ನು ‘ಪೀರ್’ ಎಂದೇ ಕರೆಯುವುದರಿಂದ ಇಲ್ಲಿಯೂ ಅದೇ ಮಾತನ್ನು ಉಳಿಸಿಕೊಳ್ಳಲಾಗಿದೆ.

## ಮೊದಲು ಕೇಳುವ ಪ್ರಶ್ನೆಗಳು

“ಹಾನಿ ತಗ್ಗಿಸುವುದು ಅಂದರೆ ಏನು? ಚಟ ಬಿಡಿಸುವುದನ್ನೇ ಬೇರೆ ಹೆಸರಲ್ಲಿ ಹೇಳುತ್ತಿದ್ದೀರಾ?”

ಅಲ್ಲ. ವ್ಯಸನಮುಕ್ತಿ ಕೇಂದ್ರದ ಗುರಿ ಬಳಕೆಯನ್ನು ನಿಲ್ಲಿಸುವುದು. ಹಾನಿ ತಗ್ಗಿಸುವ ಕೆಲಸದ ಗುರಿ, ಬಳಕೆ ನಡೆಯುತ್ತಿರುವಾಗಲೂ ಆ ವ್ಯಕ್ತಿ ಸಾಯದಂತೆ, ಎಚ್‌ಐವಿ ಅಥವಾ ಹೆಪಟೈಟಿಸ್ ಸಿ ತಗುಲದಂತೆ, ಚುಚ್ಚಿದ ಜಾಗ ಕೀವಾಗಿ ಕೈಕಾಲು ಕಳೆದುಕೊಳ್ಳದಂತೆ ನೋಡಿಕೊಳ್ಳುವುದು. ಹೊಸ ಸೂಜಿ ಮತ್ತು ಸಿರಿಂಜು, ಹೆರಾಯಿನಿನಂಥವುಗಳ ಬದಲಿಗೆ ಬುಪ್ರೆನಾರ್ಫಿನ್ ಅಥವಾ ಮೆಥಡೋನ್ ಔಷಧ ಕೊಡುವ ಓಎಸ್‌ಟಿ ಚಿಕಿತ್ಸೆ, ಮಿತಿಮೀರಿದ ಡೋಸಿನಿಂದ ಕುಗ್ಗಿದ ಉಸಿರನ್ನು ಮರಳಿಸುವ ನಲಾಕ್ಸೋನ್ ಔಷಧ, ಗಾಯದ ಆರೈಕೆ, ರಕ್ತಪರೀಕ್ಷೆ, ಎಚ್‌ಐವಿಗೆ ಔಷಧ ಕೊಡುವ ಎಆರ್‌ಟಿ ಕೇಂದ್ರಕ್ಕೆ ಜೊತೆಯಲ್ಲಿ ಹೋಗಿಬರುವುದು ಇವೆಲ್ಲ ಅದರೊಳಗೆ ಬರುತ್ತವೆ. ಬಿಡಬೇಕೆನ್ನುವವರಿಗೆ ಬಿಡುವ ದಾರಿಯನ್ನೂ ಇದೇ ಕೆಲಸ ತೋರಿಸುತ್ತದೆ, ಆದರೆ ಬಿಡುವುದಾಗಿ ಮಾತು ಕೊಟ್ಟ ಮೇಲೆಯೇ ಸಹಾಯ ಎಂಬ ಷರತ್ತನ್ನು ಹಾಕುವುದಿಲ್ಲ.

“ಡಾಕ್ಟರು, ನರ್ಸು, ಸಮಾಜ ಕಾರ್ಯಕರ್ತರು ಇದ್ದಾರಲ್ಲ. ಬಳಸುವವರೇ ಯಾಕೆ ಮಾಡಬೇಕು?”

ವೈದ್ಯರು ಇರುವುದು ಆಸ್ಪತ್ರೆಯಲ್ಲಿ, ಚುಚ್ಚಿಕೊಳ್ಳುವವರು ಇರುವುದು ಅರ್ಧ ಕಟ್ಟಿದ ಕಟ್ಟಡದ ಮೂರನೇ ಮಹಡಿಯಲ್ಲಿ, ರೈಲು ಹಳಿಯ ಪಕ್ಕದಲ್ಲಿ, ಬೀಗ ಹಾಕಿದ ಬಾತ್‌ರೂಮಿನಲ್ಲಿ. ಬಳಕೆಯೇ ಅಪರಾಧವಾಗಿರುವ ದೇಶದಲ್ಲಿ ಯಾರೂ ಅಪರಿಚಿತರಿಗೆ ತಮ್ಮ ತೋಳಿನ ಗಾಯ ತೋರಿಸುವುದಿಲ್ಲ. ಯಾವ ಜಾಗದಲ್ಲಿ ಯಾವ ಹೊತ್ತಿಗೆ ಜನ ಸೇರುತ್ತಾರೆ, ಈ ವಾರ ಬಂದ ಮಾಲು ಹಿಂದಿನದಕ್ಕಿಂತ ಗಟ್ಟಿಯೇ, ಯಾರು ಜೈಲಿನಿಂದ ನಿನ್ನೆ ಹೊರಬಂದಿದ್ದಾರೆ ಎಂಬುದು ಪೀರ್‌ಗೆ ಯಾರೂ ಹೇಳದೆಯೇ ಗೊತ್ತಿರುತ್ತದೆ. ಇದು ಕರುಣೆಯಿಂದ ಕೊಡುವ ಅವಕಾಶವಲ್ಲ, ಬೇರೆ ಯಾರಲ್ಲಿಯೂ ಇಲ್ಲದ ಪರಿಣತಿ. ಮಿತಿಮೀರಿದ ಡೋಸಿನ ವಿಷಯದಲ್ಲಂತೂ ಲೆಕ್ಕ ಸ್ಪಷ್ಟವಾಗಿದೆ. ಅಮೆರಿಕದಲ್ಲಿ 1996ರಿಂದ 2014ರ ಜೂನ್‌ವರೆಗೆ ನಲಾಕ್ಸೋನ್ ಹಂಚಿದ ಸಂಸ್ಥೆಗಳಿಗೆ ವರದಿಯಾದ 26,463 ಜೀವರಕ್ಷಣೆಗಳಲ್ಲಿ ಶೇ. 80ಕ್ಕಿಂತ ಹೆಚ್ಚಿನವನ್ನು ಮಾಡಿದವರು ಮಾದಕ ವಸ್ತು ಬಳಸುವವರೇ. ಪಕ್ಕದಲ್ಲಿ ಇದ್ದವರು ಅವರೇ ಆದ್ದರಿಂದ ಇದರಲ್ಲಿ ಅಚ್ಚರಿಪಡುವಂಥದ್ದೇನೂ ಇಲ್ಲ.

“ಸೂಜಿ ಕೈಗೆ ಕೊಟ್ಟರೆ ಇನ್ನೂ ನಾಲ್ಕು ಜನ ಚುಚ್ಚಿಕೊಳ್ಳುವುದು ಕಲಿಯುವುದಿಲ್ಲವೇ?”

ವಿಶ್ವ ಆರೋಗ್ಯ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಪರಾಮರ್ಶೆಯಲ್ಲಿ, ಸೂಜಿ ವಿತರಣೆಯಿಂದ ಬಳಕೆ ಹೆಚ್ಚುತ್ತದೆ ಎಂಬುದಕ್ಕೆ ನಂಬಲರ್ಹ ಪುರಾವೆ ಸಿಗಲಿಲ್ಲ. ಕೊಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಪುರಾವೆ ಸಾಕಷ್ಟಿದೆ. 1980ರ ದಶಕದ ಮೊದಲಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಸಿರಿಂಜು ಮಾರಾಟಕ್ಕೆ ತಡೆ ಬಿದ್ದು, ಪೊಲೀಸರ ಬಿಗಿ ಹೆಚ್ಚಿ, ಜನ ಒಂದೇ ಸಿರಿಂಜನ್ನು ಹಂಚಿಕೊಳ್ಳತೊಡಗಿದರು. 1986ರಲ್ಲಿ ಅಲ್ಲಿನ ಒಂದು ವೈದ್ಯಕೀಯ ಕೇಂದ್ರದಲ್ಲಿ ಪರೀಕ್ಷಿಸಿದ ಬಳಕೆದಾರರಲ್ಲಿ ಶೇ. 51ರಷ್ಟು ಮಂದಿಗೆ ಎಚ್‌ಐವಿ ಇರುವುದು ಕಂಡುಬಂತು. ಸೂಜಿಗೆ ತಡೆ ಹಾಕಿದ್ದರಿಂದ ಚುಚ್ಚಿಕೊಳ್ಳುವುದು ನಿಲ್ಲಲಿಲ್ಲ, ಸೋಂಕು ಹರಡಿತು ಅಷ್ಟೆ.

“ಇದೆಲ್ಲ ಫಾರಿನ್ ಐಡಿಯಾ. ನಮ್ಮ ದೇಶಕ್ಕೆ ಹೊಂದುತ್ತದಾ?”

ಮೊದಲ ಹೆಜ್ಜೆಗಳು ಹೊರದೇಶದವು ಎಂಬುದು ನಿಜ. ನೆದರ್ಲೆಂಡ್ಸಿನ ರಾಟರ್‌ಡ್ಯಾಮಿನಲ್ಲಿ ಹೆರಾಯಿನ್ ಬಳಸುವವರು ತಾವೇ ಕಟ್ಟಿಕೊಂಡ ‘ಜಂಕಿಬಾಂಡ್’ ಎಂಬ ಸಂಘ 1980ರ ದಶಕದ ಆರಂಭದಲ್ಲೇ ಸಿರಿಂಜು ಹಂಚುತ್ತಿತ್ತು. 1984ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಂಗಡಿಯವನೊಬ್ಬ ಸಿರಿಂಜು ಮಾರಾಟ ನಿಲ್ಲಿಸಿದಾಗ, ಹೆಪಟೈಟಿಸ್ ಬಿ ಹರಡುವ ಭಯದಿಂದ ಬಳಕೆದಾರರ ಸಂಘವೂ ನಗರದ ಆರೋಗ್ಯ ಇಲಾಖೆಯೂ ಸೇರಿ ಹಳೆಯದಕ್ಕೆ ಹೊಸದನ್ನು ಕೊಡುವ ವ್ಯವಸ್ಥೆ ಮಾಡಿದವು. ಎಚ್‌ಐವಿಯ ಹೆಸರು ಇನ್ನೂ ಎಲ್ಲರ ಬಾಯಿಗೆ ಬರುವ ಮೊದಲೇ ನಡೆದ ಸಂಗತಿ ಇದು.

ಆದರೆ ಭಾರತದ ಕಥೆ ಯಾರಿಂದಲೂ ಎರವಲು ಪಡೆದದ್ದಲ್ಲ, ಅದು ಸಂಕಟದಲ್ಲಿ ಹುಟ್ಟಿದ್ದು. ಮ್ಯಾನ್ಮಾರ್ ಗಡಿಗೆ ಹೊಂದಿಕೊಂಡ ಮಣಿಪುರದಲ್ಲಿ, ಅಲ್ಲಿನವರು ‘ನಂಬರ್ ಫೋರ್’ ಎನ್ನುವ ಹೆರಾಯಿನನ್ನು ಚುಚ್ಚಿಕೊಳ್ಳುವವರಲ್ಲಿ 1989ರ ಸೆಪ್ಟೆಂಬರಿನಲ್ಲಿ ಪರೀಕ್ಷೆಯಲ್ಲಿ ಕಾಣದಿದ್ದ ಎಚ್‌ಐವಿ, ಆರು ತಿಂಗಳಲ್ಲಿ ಅರ್ಧದಷ್ಟು ಮಂದಿಗೆ ತಗುಲಿತ್ತು. ಬಳಸುವ ಮಕ್ಕಳನ್ನು ಮನೆಯವರೇ ಜೈಲಿಗೆ ಕಳಿಸಿದರು, ಕೆಲವು ಉಗ್ರಗಾಮಿ ಗುಂಪುಗಳು ಬಳಕೆದಾರರ ಕಾಲಿಗೆ ಗುಂಡು ಹೊಡೆದವು, ಯಾವುದೂ ಸೋಂಕನ್ನು ನಿಲ್ಲಿಸಲಿಲ್ಲ. ಚುರಾಚಾಂದ್‌ಪುರದ ‘ಶಾಲೋಮ್’ ಸಂಸ್ಥೆಯಂಥವು ಬಳಸುವವರನ್ನೂ ಬಳಸಿ ಬಿಟ್ಟವರನ್ನೂ ಕೆಲಸಕ್ಕೆ ತೆಗೆದುಕೊಂಡು ಸೂಜಿ ವಿನಿಮಯವನ್ನೂ ನಾಲಿಗೆಯಡಿ ಇಡುವ ಬುಪ್ರೆನಾರ್ಫಿನನ್ನೂ ಹಳ್ಳಿ ಹಳ್ಳಿಗೆ ಒಯ್ದವು. ದೆಹಲಿಯ ‘ಶರಣ್’ ಸಂಸ್ಥೆ 1993ರಲ್ಲೇ ಬುಪ್ರೆನಾರ್ಫಿನ್ ಕೊಡಲಾರಂಭಿಸಿತ್ತು. 1996ರಲ್ಲಿ ಮಣಿಪುರವು ಹಾನಿ ತಗ್ಗಿಸುವ ಕ್ರಮವನ್ನು ಒಪ್ಪಿಕೊಂಡ ಏಡ್ಸ್ ನೀತಿಯನ್ನು ಪ್ರಕಟಿಸಿತು, ಕೇಂದ್ರ ಸರ್ಕಾರ ಓಎಸ್‌ಟಿಯನ್ನು ರಾಷ್ಟ್ರೀಯ ಏಡ್ಸ್ ಕಾರ್ಯಕ್ರಮದೊಳಗೆ ತಂದದ್ದು ಅದಾಗಿ ಒಂದು ದಶಕದ ಮೇಲೆ. ಒಂದು ಸಣ್ಣ ರಾಜ್ಯ ದೆಹಲಿಗಿಂತ ಮುಂದಿತ್ತು ಎಂಬುದನ್ನು ನಮ್ಮ ಆರೋಗ್ಯ ಚರಿತ್ರೆ ಹೇಳುವವರು ಅಷ್ಟಾಗಿ ನೆನೆಯುವುದಿಲ್ಲ.

“ಕರ್ನಾಟಕದಲ್ಲಿ ಇಂಜೆಕ್ಷನ್ ತೆಗೆದುಕೊಳ್ಳುವವರು ಎಲ್ಲಿದ್ದಾರೆ? ಅದು ಪಂಜಾಬಿನ ಸಮಸ್ಯೆ.”

ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 8.5 ಲಕ್ಷ ಜನ ಮಾದಕ ವಸ್ತುವನ್ನು ಚುಚ್ಚಿಕೊಳ್ಳುತ್ತಾರೆ, ಅಂಥವರ ಸಂಖ್ಯೆ ಹೆಚ್ಚಿರುವ ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವೂ ಇದೆ. ಚುಚ್ಚಿಕೊಳ್ಳುವುದರಲ್ಲಿ ಹೆರಾಯಿನ್‌ನಷ್ಟೇ ಪಾಲು ಔಷಧಿ ಅಂಗಡಿಯ ನೋವುನಿವಾರಕಗಳದು. ನಮ್ಮಲ್ಲಿ ಟ್ಯಾಪೆಂಟಡಾಲ್ ಎಂಬ ನೋವಿನ ಮಾತ್ರೆಯನ್ನು ಪುಡಿ ಮಾಡಿ ಚುಚ್ಚಿಕೊಳ್ಳುವುದು ಕಾಣಿಸಿಕೊಂಡಿದೆ. ಮಾತ್ರೆ ನುಂಗಲು ಮಾಡಿದ್ದು, ಅದರೊಳಗಿನ ಕರಗದ ಪುಡಿ ರಕ್ತನಾಳವನ್ನು ಕಟ್ಟಿ ಕೈಯನ್ನೇ ಕೊಳೆಯಿಸಬಲ್ಲದು. ನಂಬರ್ ಫೋರ್ ಎಂದರೆ ಏನೆಂದು ತಿಳಿಯದ ಊರಿನಲ್ಲಿಯೂ ಇಂಥ ಗಾಯಗಳು ಇರಬಹುದಾದ್ದರಿಂದ ಪ್ರಶ್ನೆಯನ್ನು ಆ ಕಡೆಗೆ ತಳ್ಳಿ ಕೂರುವಂತಿಲ್ಲ.

ಇನ್ನೊಂದು ಮಾತು. ಬಳಗದವರೇ ಮುನ್ನಡೆಸುವ ಕೆಲಸ ಕರ್ನಾಟಕಕ್ಕೆ ಹೊಸದೇನಲ್ಲ. ಮೈಸೂರಿನಲ್ಲಿ 2004ರಲ್ಲಿ ಆರಂಭವಾದ ಕಾರ್ಯಕ್ರಮದಿಂದ ಬೆಳೆದ ಆಶೋದಯ ಸಮಿತಿಯಲ್ಲಿ ಲೈಂಗಿಕ ವೃತ್ತಿಯಲ್ಲಿರುವವರೇ ಎಚ್‌ಐವಿ ತಡೆಯ ಕೆಲಸವನ್ನು ಕೈಗೆತ್ತಿಕೊಂಡು, ಬೇರೆ ರಾಜ್ಯದವರಿಗೂ ಹೇಳಿಕೊಡುವಷ್ಟು ಬೆಳೆದರು. ಮಾದಕ ವಸ್ತುವಿನ ವಿಷಯ ಬಂದಾಗ ಮಾತ್ರ ನಮಗೆ ಅದೇ ಧೈರ್ಯ ಬರುವುದಿಲ್ಲ.

## ಕಾನೂನಿನ ಬಗ್ಗೆ

“ಸೂಜಿ ಹಂಚುವಾಗ ಪೊಲೀಸರು ಹಿಡಿದರೆ ಏನು ಗತಿ?”

ಎರಡು ಕಾನೂನುಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ 27ನೇ ವಿಧಿಯಂತೆ ಬಳಕೆಯೇ ಅಪರಾಧ: ಹೆರಾಯಿನ್, ಮಾರ್ಫಿನ್, ಕೊಕೇನ್‌ಗೆ ಒಂದು ವರ್ಷದವರೆಗೆ, ಬೇರೆ ವಸ್ತುಗಳಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ದಂಡ, ಅಥವಾ ಎರಡೂ. ಆದರೆ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಕಾಯ್ದೆ, ತನ್ನ 22ನೇ ವಿಧಿಯಲ್ಲಿ, ಎಚ್‌ಐವಿ ಹರಡುವ ಅಪಾಯವನ್ನು ತಗ್ಗಿಸಲು ಕೇಂದ್ರದ ಮಾರ್ಗಸೂಚಿಯಂತೆ ಕೈಗೊಂಡ ಯಾವುದೇ ಕ್ರಮವನ್ನು ತಡೆಯುವಂತಿಲ್ಲ, ಅದು ಅಪರಾಧವಾಗುವುದೂ ಇಲ್ಲ, ಬೇರೆ ಯಾವ ಕಾನೂನು ಏನೇ ಹೇಳಿದರೂ ಸರಿ ಎನ್ನುತ್ತದೆ. ನೋಂದಾಯಿತ ಸೂಜಿ ವಿನಿಮಯವನ್ನು ಆ ವಿಧಿಯೇ ಉದಾಹರಣೆಯಾಗಿ ಕೊಡುತ್ತದೆ. ಸೂಜಿ ಕೊಟ್ಟವರೂ ಪಡೆದವರೂ ಸಂಸ್ಥೆಯೂ ಅದರ ಆಸರೆಯಲ್ಲಿ ಬರುತ್ತಾರೆ.

ಆದ್ದರಿಂದ ಪೀರ್ ಸಂಸ್ಥೆಯ ಗುರುತಿನ ಚೀಟಿಯನ್ನೂ, ಕಾರ್ಯಕ್ರಮವನ್ನು ರಾಜ್ಯ ಏಡ್ಸ್ ಸೊಸೈಟಿ ಒಪ್ಪಿದ ಪತ್ರದ ಪ್ರತಿಯನ್ನೂ ಜೇಬಿನಲ್ಲಿ ಇಟ್ಟುಕೊಳ್ಳಬೇಕು, ಮಾದಕ ವಸ್ತುವನ್ನು ಇಟ್ಟುಕೊಳ್ಳಬಾರದು. ಠಾಣೆಯ ಇನ್‌ಸ್ಪೆಕ್ಟರ್ ಬದಲಾದಾಗಲೆಲ್ಲ ಸಂಸ್ಥೆಯ ಹಿರಿಯರೊಬ್ಬರು ಹೋಗಿ ಪರಿಚಯ ಮಾಡಿಕೊಳ್ಳುವುದು, ಹಗರಣವಾದ ಮೇಲೆ ವಕೀಲರನ್ನು ಹುಡುಕುವುದಕ್ಕಿಂತ ಎಷ್ಟೋ ಲೇಸು.

“ನಾನೇ ಚಿಕಿತ್ಸೆಗೆ ಬಂದರೆ ಕೇಸು ಹಾಕುತ್ತಾರಾ?”

ಚಿಕಿತ್ಸೆಗೆ ಬರುವುದೇ ಕೇಸಿಗೆ ಕಾರಣವಾಗುವುದಿಲ್ಲ. ಎನ್‌ಡಿಪಿಎಸ್ ಕಾಯ್ದೆಯ 64ಎ ವಿಧಿಯಂತೆ, ಬಳಕೆಯ ಅಥವಾ ಅಲ್ಪ ಪ್ರಮಾಣದ ಆರೋಪ ಇರುವ ವ್ಯಸನಿಯು ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತಾನಾಗಿ ಚಿಕಿತ್ಸೆ ಪಡೆದರೆ ಆ ಆರೋಪದಿಂದ ರಕ್ಷಣೆ ಇದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ರಕ್ಷಣೆಯನ್ನು ಹಿಂಪಡೆಯಬಹುದು. ಹೆರಾಯಿನಿಗೆ ಅಲ್ಪ ಪ್ರಮಾಣವೆಂದರೆ 5 ಗ್ರಾಂವರೆಗೆ. ಅದಕ್ಕಿಂತ ದೊಡ್ಡ ಪ್ರಮಾಣದ ಆರೋಪಕ್ಕೆ ಈ ರಕ್ಷಣೆ ಅನ್ವಯಿಸದು.

## ದಿನದ ಕೆಲಸದ ಬಗ್ಗೆ

“ಪೀರ್ ಆದವರು ಬೆಳಗಿನಿಂದ ಸಂಜೆವರೆಗೆ ಏನು ಮಾಡುತ್ತಾರೆ?”

ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯು ಸೋಂಕಿನ ಅಪಾಯ ಹೆಚ್ಚಿರುವ ಬಳಗಗಳಿಗಾಗಿಯೇ ನಡೆಸುವ ‘ಉದ್ದೇಶಿತ ಕಾರ್ಯಕ್ರಮ’ಗಳಲ್ಲಿ ಸುಮಾರು 40 ಮಂದಿ ಚುಚ್ಚಿಕೊಳ್ಳುವವರಿಗೆ ಒಬ್ಬ ಪೀರ್ ಇರುತ್ತಾರೆ. ಕಳೆದ ಮೂರು ತಿಂಗಳಲ್ಲಿ ಒಮ್ಮೆಯಾದರೂ ಚುಚ್ಚಿಕೊಂಡವರನ್ನು ಆ ಲೆಕ್ಕಕ್ಕೆ ತೆಗೆದುಕೊಳ್ಳಲಾಗುತ್ತದೆ. ಪೀರ್ ತನ್ನ ಹಾಟ್‌ಸ್ಪಾಟಿನ, ಅಂದರೆ ಬಳಸುವವರು ಸೇರುವ ಜಾಗದ, ಒಬ್ಬೊಬ್ಬರೂ ದಿನಕ್ಕೆ ಎಷ್ಟು ಸಲ ಚುಚ್ಚಿಕೊಳ್ಳುತ್ತಾರೆಂದು ತಿಳಿದು ಅಷ್ಟು ಸೂಜಿ ಒಯ್ಯಬೇಕು, ಬಳಸಿದವನ್ನು ಚುಚ್ಚಿ ಹೊರಬಾರದ ಡಬ್ಬಿಯಲ್ಲಿ ಹಿಂದಕ್ಕೆ ತರಬೇಕು, ಕೀವಾದವರನ್ನು, ಬಳಗದವರು ಬಂದುಹೋಗುವ ಕೇಂದ್ರವಾದ ಡ್ರಾಪ್-ಇನ್ ಸೆಂಟರಿನ ನರ್ಸ್ ಹತ್ತಿರ ಕರೆತರಬೇಕು, ಆರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಯಾರದು ಬಾಕಿ ಇದೆ ಎಂದು ಪಟ್ಟಿ ಇಡಬೇಕು. ಓಎಸ್‌ಟಿ ಡೋಸಿಗೆ ಬಾರದವರನ್ನು ಹುಡುಕಿ ಹೋಗುವುದೂ ಅವರ ಪಾಲಿಗೇ. ಆ ದಿನ ಹೆಚ್ಚು ಡೋಸ್ ಬೇಕೆನ್ನುವ ಹಟಮಾರಿ ಸ್ನೇಹಿತನ ಜೊತೆ ಮರದಡಿ ಎರಡು ತಾಸು ಕೂತು ಮಾತಾಡುವುದು ಯಾವ ನಮೂನೆಯಲ್ಲೂ ಬರುವುದಿಲ್ಲ, ಆದರೆ ಕೆಲಸದ ಗಟ್ಟಿ ಭಾಗ ಅದೇ.

ವಿಶ್ವ ಆರೋಗ್ಯ ಸಂಸ್ಥೆ 2020ಕ್ಕೆ ಇಟ್ಟಿದ್ದ ಗುರಿ, ಚುಚ್ಚಿಕೊಳ್ಳುವ ಒಬ್ಬರಿಗೆ ವರ್ಷಕ್ಕೆ 200 ಸೂಜಿ. 2030ಕ್ಕೆ ಅದು 300. ದಿನಕ್ಕೆ ಮೂರು ಬಾರಿ ಚುಚ್ಚಿಕೊಳ್ಳುವವನಿಗೆ ವರ್ಷಕ್ಕೆ ಸಾವಿರಕ್ಕೂ ಮಿಕ್ಕು ಬೇಕು ಎಂಬುದನ್ನು ನೆನೆದರೆ, ಒಂದು ಹಳೆಯದಕ್ಕೆ ಒಂದೇ ಹೊಸದು ಎಂಬ ಲೆಕ್ಕಾಚಾರ ಎಷ್ಟು ಬಿಗಿ ಎಂದು ತಿಳಿಯುತ್ತದೆ.

“ನಮ್ಮ ಗುಂಪಿನಲ್ಲಿ ಪ್ರತಿಯೊಬ್ಬರಿಗೂ ಸ್ವಂತ ಸೂಜಿ ಇದೆ. ಇನ್ನೇನು ಭಯ?”

ಸೂಜಿ ಸ್ವಂತದ್ದಾದರೂ ಒಂದೇ ಚಮಚದಲ್ಲಿ ಕರಗಿಸಿ ಹಂಚಿಕೊಂಡರೆ, ಒಂದೇ ಲೋಟದ ನೀರಿನಲ್ಲಿ ಎಲ್ಲರೂ ಸಿರಿಂಜು ತೊಳೆದರೆ, ಒಂದೇ ಹತ್ತಿಯಿಂದ ಸೋಸಿಕೊಂಡರೆ ಕಣ್ಣಿಗೆ ಕಾಣದ ರಕ್ತ ಅಲ್ಲಿ ಬೆರೆಯುತ್ತದೆ. ಹೆಪಟೈಟಿಸ್ ಸಿ ವೈರಸ್ ಸಿರಿಂಜಿನೊಳಗೆ 63 ದಿನಗಳವರೆಗೆ ಬದುಕುಳಿಯಬಲ್ಲದೆಂದು ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ. ಚಮಚ, ನೀರು, ಹತ್ತಿ ಎಲ್ಲವೂ ಪ್ರತ್ಯೇಕ ಇರಬೇಕು. ಈಗಾಗಲೇ ತಗುಲಿದೆಯೆಂದು ಹೆದರಿ ಕೂರಬೇಡಿ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಉಚಿತವಾಗಿ ಸಿಗುವ ಮಾತ್ರೆಗಳನ್ನು ಸಾಮಾನ್ಯವಾಗಿ 12 ವಾರ ನುಂಗಿದರೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜನರಿಗೆ ಈ ರೋಗ ಪೂರ್ತಿ ವಾಸಿಯಾಗುತ್ತದೆ. ಇನ್ನೂ ಬಳಸುತ್ತಿದ್ದೀರಿ ಎಂಬುದು ಚಿಕಿತ್ಸೆ ನಿರಾಕರಿಸಲು ಕಾರಣವಾಗಬಾರದು. ಯಾರಾದರೂ ಹಾಗೆ ಹೇಳಿದರೆ ಪೀರ್‌ಗೆ ತಿಳಿಸಿ, ಅವರು ಇನ್ನೊಂದು ಕೇಂದ್ರಕ್ಕೆ ಜೊತೆಯಲ್ಲಿ ಬರುತ್ತಾರೆ.

“ಓಎಸ್‌ಟಿ ಅಂದರೆ ಒಂದು ಚಟ ಬಿಡಿಸಿ ಇನ್ನೊಂದು ಹಿಡಿಸುವುದಲ್ಲವೇ?”

ಬುಪ್ರೆನಾರ್ಫಿನ್ ಓಪಿಯಾಯ್ಡ್, ಅಂದರೆ ಹೆರಾಯಿನಿನ ಗುಂಪಿಗೇ ಸೇರಿದ ಔಷಧವೇ ಹೌದು. ನಾಲಿಗೆಯಡಿ ಇಟ್ಟ ಮಾತ್ರೆ ದಿನಕ್ಕೊಮ್ಮೆ, ಕಣ್ಣೆದುರೇ ಕರಗುವಾಗ ಬಳಸುವವನು ಬೆಳಗೆದ್ದು ಹಣ, ಮಾಲು, ಪೊಲೀಸು ಎಂಬ ಚಕ್ರಕ್ಕೆ ಸಿಲುಕುವುದಿಲ್ಲ, ಚುಚ್ಚಿಕೊಳ್ಳುವುದೂ ಇಲ್ಲ, ಆದ್ದರಿಂದ ಕೆಲಸಕ್ಕೆ ಹೋಗಬಲ್ಲ. ಸಕ್ಕರೆ ಕಾಯಿಲೆಯವರ ಇನ್ಸುಲಿನ್‌ಗೆ ಯಾರೂ ‘ಎಷ್ಟು ದಿನ?’ ಎಂದು ಕೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಬುಪ್ರೆನಾರ್ಫಿನ್ ಮತ್ತು ಮೆಥಡೋನನ್ನು ಅಗತ್ಯ ಔಷಧಗಳ ಪಟ್ಟಿಗೆ 2005ರಲ್ಲೇ ಸೇರಿಸಿತು. 2017ರಲ್ಲಿ ಪ್ರಕಟವಾದ, ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ ವಿಶ್ಲೇಷಣೆಯಲ್ಲಿ, ಬುಪ್ರೆನಾರ್ಫಿನ್ ಚಿಕಿತ್ಸೆಯಲ್ಲಿದ್ದವರ ಮರಣ ಪ್ರಮಾಣ ಚಿಕಿತ್ಸೆಯಿಂದ ಹೊರಬಂದವರಿಗಿಂತ ಅರ್ಧಕ್ಕೂ ಕಡಿಮೆ ಇತ್ತು.

ಆತುರಪಟ್ಟು ನಿಲ್ಲಿಸುವುದೇ ಅಪಾಯಕಾರಿ. ಮನೆಯವರ ಒತ್ತಾಯಕ್ಕೆ ಮೂರು ತಿಂಗಳಿಗೇ ಡೋಸ್ ಬಿಟ್ಟವರನ್ನು ಪೀರ್‌ಗಳು ಮತ್ತೆ ಗಲ್ಲಿಯಲ್ಲಿ ಕಾಣುತ್ತಾರೆ. ಮದುವೆ ಗೊತ್ತಾಯಿತೆಂದು ನಿಲ್ಲಿಸುವವರೂ ಇದ್ದಾರೆ. ಯಾವಾಗ, ಎಷ್ಟೆಷ್ಟು ಕಡಿಮೆ ಮಾಡಬೇಕೆಂಬುದನ್ನು ಆ ವ್ಯಕ್ತಿ ಮತ್ತು ವೈದ್ಯರು ಕೂಡಿ ತೀರ್ಮಾನಿಸಬೇಕು.

“ನನ್ನ ತಮ್ಮ ಬಾತ್‌ರೂಮಿನಲ್ಲಿ ತುಟಿ ನೀಲಿಯಾಗಿ ಬಿದ್ದಿದ್ದ. ಮತ್ತೆ ಹಾಗಾದರೆ ಏನು ಮಾಡಲಿ?”

ಜೋರಾಗಿ ಹೆಸರು ಹಿಡಿದು ಕರೆದು, ಭುಜ ಅಲುಗಿಸಿ ನೋಡಿ. ಎಚ್ಚರಾಗದಿದ್ದರೆ, ಉಸಿರು ತುಂಬಾ ನಿಧಾನವಾಗಿದ್ದರೆ ಅಥವಾ ಗೊರಗೊರ ಸದ್ದು ಬರುತ್ತಿದ್ದರೆ, ಕಣ್ಣಿನ ಪಾಪೆ ಚುಕ್ಕೆಯಷ್ಟಾಗಿದ್ದರೆ ಅದು ಮಿತಿಮೀರಿದ ಡೋಸ್. 108ಕ್ಕೆ ಕರೆ ಮಾಡಿ ‘ಉಸಿರಾಡುತ್ತಿಲ್ಲ’ ಎಂದು ಹೇಳಿ. ಅಂಗಾತ ಮಲಗಿಸಿ, ಗಲ್ಲ ಎತ್ತಿ ಬಾಯೊಳಗೆ ಏನಾದರೂ ಸಿಕ್ಕಿದೆಯೇ ನೋಡಿ, ಮೂಗು ಮುಚ್ಚಿ ಐದು ಸೆಕೆಂಡಿಗೊಮ್ಮೆ ಬಾಯಿಗೆ ಬಾಯಿಟ್ಟು ಉಸಿರು ಕೊಡಿ. ನಲಾಕ್ಸೋನ್ ಇದ್ದರೆ ತೊಡೆ ಅಥವಾ ತೋಳಿನ ಸ್ನಾಯುವಿಗೆ ಚುಚ್ಚಿ, ಎರಡು ಮೂರು ನಿಮಿಷದಲ್ಲಿ ಉಸಿರು ಬರದಿದ್ದರೆ ಇನ್ನೊಂದು ಡೋಸ್ ಕೊಡಿ. ಉಸಿರು ಬಂದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ.

ನಲಾಕ್ಸೋನ್‌ನ ಪರಿಣಾಮ 30ರಿಂದ 90 ನಿಮಿಷ ಮಾತ್ರ ಉಳಿಯುತ್ತದೆ, ನಶೆ ಅದಕ್ಕಿಂತ ಉದ್ದ ಇರಬಹುದು, ಆದ್ದರಿಂದ ಎದ್ದು ಕೂತರೂ ಒಂಟಿಯಾಗಿ ಬಿಡಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸಾರಾಯಿ ಅಥವಾ ನಿದ್ದೆಮಾತ್ರೆಯ ಪ್ರಭಾವಕ್ಕೆ ಅದು ಕೆಲಸ ಮಾಡದು, ಆದರೆ ಏನು ಸೇರಿದೆಯೆಂದು ತಿಳಿಯದಿದ್ದರೆ ಕೊಟ್ಟೇ ಬಿಡಿ, ಅದರಿಂದ ಕೇಡಿಲ್ಲ. ಉಪ್ಪು ನೀರು ಅಥವಾ ಹಾಲು ಚುಚ್ಚುವುದು, ತಲೆಗೆ ತಣ್ಣೀರು ಸುರಿಯುವುದು, ಕೆನ್ನೆಗೆ ಬಾರಿಸುತ್ತಾ ನಡೆಸುವುದು ಯಾವುದೂ ಉಪಯೋಗಕ್ಕೆ ಬಾರದು, ಕೆಲವು ಕೊಂದೇ ಬಿಡಬಹುದು. ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ, ಡೋಸ್ ಮಿತಿಮೀರುವುದನ್ನು ಕಣ್ಣಾರೆ ಕಾಣುವ ಸಾಧ್ಯತೆ ಇರುವ ಎಲ್ಲರಿಗೂ, ಅಂದರೆ ಮನೆಯವರಿಗೂ ಗೆಳೆಯರಿಗೂ, ಈ ಔಷಧ ಸಿಗುವಂತಿರಬೇಕು ಎಂದಿತ್ತು. ನಮ್ಮಲ್ಲಿ ಅದು ಇನ್ನೂ ವೈದ್ಯರ ಚೀಟಿಯ ಔಷಧ. ಕ್ಷೇತ್ರದಲ್ಲಿರುವ ಪೀರ್‌ನ ಚೀಲದಲ್ಲಿ ಇರಬೇಕಾದದ್ದು ಆಸ್ಪತ್ರೆಯ ಕಪಾಟಿನಲ್ಲಿ ಬೀಗದೊಳಗೆ ಕುಳಿತಿರುವುದು ಈ ಕಾರ್ಯಕ್ರಮಗಳ ದೊಡ್ಡ ಕೊರತೆ ಎಂದೇ ನಮ್ಮ ಅಭಿಪ್ರಾಯ.

“ಮಗ ಆರು ತಿಂಗಳು ರಿಹ್ಯಾಬ್‌ನಲ್ಲಿ ಇದ್ದು ಬಂದಿದ್ದಾನೆ, ಈಗ ಸುರಕ್ಷಿತ ಅಲ್ಲವೇ?”

ಹೊರಬಂದ ಮೊದಲ ಎರಡು ವಾರಗಳೇ ಅತಿ ಅಪಾಯದ ದಿನಗಳು. ದೇಹ ಆ ವಸ್ತುವನ್ನು ತಾಳುವ ಶಕ್ತಿ ಕಳೆದುಕೊಂಡಿರುತ್ತದೆ, ಮನಸ್ಸು ಹಳೆಯ ಅಳತೆಯನ್ನೇ ನೆನಪಿಟ್ಟಿರುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಜೈಲಿನಿಂದ ಬಿಡುಗಡೆಯಾದವರನ್ನು ಗಮನಿಸಿ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆ ಎರಡು ವಾರಗಳಲ್ಲಿ ಡೋಸ್ ಮಿತಿಮೀರಿ ಸಾಯುವ ಅಪಾಯ ಸಾಮಾನ್ಯ ಜನರಿಗಿಂತ 129 ಪಟ್ಟು ಇತ್ತು. ಬೈಯುವ ಬದಲು ‘ಮತ್ತೆ ಬಳಸಬೇಕೆನಿಸಿದರೆ ಒಬ್ಬನೇ ಬಳಸಬೇಡ, ನನಗೆ ಹೇಳು’ ಎನ್ನುವುದು ತಾಯಿ ತಂದೆಯರಿಗೆ ಕಷ್ಟದ ಮಾತು. ಮಗನ ಜೀವ ಉಳಿಸುವುದೂ ಅದೇ ಮಾತು.

## ಕೆಲಸದೊಳಗಿನವರು ಕೇಳುವ ಪ್ರಶ್ನೆಗಳು

“ಇನ್ನೂ ಬಳಸುತ್ತಿರುವವನನ್ನು ಪೀರ್ ಆಗಿ ನೇಮಿಸಬಹುದಾ? ಪೂರ್ತಿ ಬಿಟ್ಟವರೇ ಆಗಬೇಕಲ್ಲವೇ?”

ನೇಮಿಸಬಹುದು, ನೇಮಿಸಬೇಕು ಕೂಡ. ಬಿಟ್ಟು ಹತ್ತು ವರ್ಷವಾದ ಹಿರಿಯ ಕಾರ್ಯಕರ್ತರಿಗೆ ಘನತೆ ಇದೆ, ಸಹನೆ ಇದೆ, ಆದರೆ ಈ ವಾರ ಗಲ್ಲಿಯಲ್ಲಿ ಏನು ನಡೆಯುತ್ತಿದೆಯೆಂಬ ಸುದ್ದಿ ಅವರನ್ನು ದಾಟಿ ಹೋಗುತ್ತದೆ. ಕೆಲವರಿಗೆ ಹಳೆಯ ಜಾಗಗಳಿಗೆ ಹೋಗುವುದೇ ಮರುಬಳಕೆಗೆ ಪ್ರೇರಣೆ ಕೊಡುವುದರಿಂದ ಅವರನ್ನು ಬಲವಂತವಾಗಿ ಅಲ್ಲಿಗೆ ಅಟ್ಟಬಾರದು. ಇಬ್ಬರೂ ಬೇಕು: ಬಿಟ್ಟವರು ಓಎಸ್‌ಟಿ ಕೇಂದ್ರದಲ್ಲಿ, ಆಪ್ತಸಮಾಲೋಚನೆಯಲ್ಲಿ, ಬಳಸುತ್ತಿರುವವರು ಕ್ಷೇತ್ರದಲ್ಲಿ. ಕೆಲಸದ ಷರತ್ತು ಮೂತ್ರಪರೀಕ್ಷೆ ಆಗಬಾರದು, ಕೆಲಸ ಆಗಬೇಕು. ಹೇಳಿದ ಹೊತ್ತಿಗೆ ಬಂದರೇ, ಸೂಜಿ ಲೆಕ್ಕ ಸರಿಯಿದೆಯೇ, ಬೇರೆಯವರ ಎಚ್‌ಐವಿ ಫಲಿತಾಂಶ ಹೊರಗೆ ಹೇಳಿದರೇ ಎಂದು ನೋಡಿ. ಅಮಲಿನಲ್ಲಿ ಕೆಲಸಕ್ಕೆ ಬಂದರೆ ಅಂದು ಮನೆಗೆ ಕಳಿಸಿ, ಅದನ್ನು ಎಲ್ಲ ಸಿಬ್ಬಂದಿಗೂ ಅನ್ವಯವಾಗುವ ನಿಯಮವಾಗಿಸಿ. ಕುಡಿದು ಬರುವ ಲೆಕ್ಕಿಗನಿಗೊಂದು, ಪೀರ್‌ಗೊಂದು ನಿಯಮ ಇರಬಾರದು.

“ಪೀರ್ ಮಾಲನ್ನೂ ಮಾರುತ್ತಿದ್ದರೆ?”

ಸಣ್ಣ ಪ್ರಮಾಣದಲ್ಲಿ ಕೊಂಡು ತಂದು ಗೆಳೆಯರಿಗೆ ಹಂಚಿ ತನ್ನ ಪಾಲನ್ನು ಗಳಿಸುವವರು ಈ ಬಳಗದಲ್ಲಿ ಬಹಳ. ಅದನ್ನು ತಿಳಿದೇ ನೇಮಿಸಬೇಕು. ಆದರೆ ಕೆಲಸದ ವೇಳೆಯಲ್ಲಿ, ಕೇಂದ್ರದ ಹತ್ತಿರ, ಕೇಂದ್ರಕ್ಕೆ ಬರುವವರ ಜೊತೆ ಮಾರಾಟ ಇದ್ದರೆ ಅಲ್ಲಿಗೆ ನಿಲ್ಲಬೇಕು. ಸೂಜಿ ಬೇಕೆಂದರೆ ಮಾಲು ಅವನಲ್ಲೇ ಕೊಳ್ಳಬೇಕು ಎಂಬ ಸ್ಥಿತಿ ಬಂದರೆ ಪೀರ್‌ಗೆ ಮತ್ತೊಬ್ಬರ ಮೇಲೆ ಅಧಿಕಾರ ಬಂದಂತೆ. ಇಡೀ ಕೇಂದ್ರವೇ ಪೊಲೀಸರ ದಾಳಿಗೆ ಒಡ್ಡಿಕೊಳ್ಳುತ್ತದೆ ಎಂಬುದು ಬೇರೆ ಮಾತು.

“ಪೀರ್‌ಗೆ ಕೊಡುವುದು ಗೌರವಧನವೋ ಸಂಬಳವೋ? ಸೇವೆ ಎಂದು ಮಾಡಬಾರದೇ?”

ನಮ್ಮ ಕಾರ್ಯಕ್ರಮಗಳಲ್ಲಿ ಅದನ್ನು ಗೌರವಧನ ಎನ್ನುತ್ತಾರೆ. ಸಂಬಳ ಅಲ್ಲದ್ದರಿಂದ ಭವಿಷ್ಯನಿಧಿ, ವಿಮೆ, ರಜೆ ಸಾಮಾನ್ಯವಾಗಿ ಸಿಗುವುದಿಲ್ಲ. ಮೇಲಿನಿಂದ ಹಣ ಬರುವುದು ತಡವಾದರೆ ಮೊದಲು ನಿಲ್ಲುವುದು ಈ ಗೌರವಧನವೇ, ಕೊನೆಗೆ ನಿಲ್ಲುವುದು ಕಚೇರಿಯ ಬಾಡಿಗೆ. ಸೂಜಿ ಹಂಚುವ, ಶವ ಗುರುತಿಸುವ, ಆಸ್ಪತ್ರೆಯ ಬೆಂಚಿನ ಮೇಲೆ ರಾತ್ರಿಯಿಡೀ ಕಾಯುವ ಕೆಲಸವನ್ನು ‘ಸೇವೆ’ ಎನ್ನುವವರು ಯೋಜನಾ ವ್ಯವಸ್ಥಾಪಕರ ಸಂಬಳಕ್ಕೆ ಆ ಹೆಸರನ್ನು ಕೊಡುವುದನ್ನು ಯಾರೂ ಕಂಡಿಲ್ಲ.

ಕಡಿಮೆ ಹಣ ಕೊಟ್ಟರೆ ಆಗುವುದು ಇಷ್ಟು. ಅನುಭವಿಯಾದ ಪೀರ್ ಎರಡು ವರ್ಷದಲ್ಲಿ ದುಡಿಮೆ ಹುಡುಕಿ ಹೋಗುತ್ತಾರೆ, ಅವರ ಜೊತೆ ಆ 40 ಜನರ ನಂಬಿಕೆಯೂ ಹೋಗುತ್ತದೆ, ಹೊಸಬರು ಮತ್ತೆ ಮೊದಲಿನಿಂದ ಕಟ್ಟಬೇಕು. ಮೇಲೇರುವ ದಾರಿಯೂ ಬೇಕು. ಪೀರ್ ಕ್ಷೇತ್ರ ಕಾರ್ಯಕರ್ತರಾಗಿ, ಆಮೇಲೆ ಆಪ್ತಸಮಾಲೋಚಕರಾಗಿ, ವ್ಯವಸ್ಥಾಪಕರಾಗಿ ಬೆಳೆಯಲು ಪದವಿ ಪ್ರಮಾಣಪತ್ರವೇ ಅಡ್ಡ ಬಂದರೆ, ಪೀರ್ ಎಂಬುದು ಏಣಿಯ ಮೊದಲ ಮೆಟ್ಟಿಲಾಗದೆ ಕೊನೆಯ ಮೆಟ್ಟಿಲಾಗುತ್ತದೆ.

“ಹೆಸರಿಗೆ ಮಾತ್ರ ಪೀರ್ ಮುನ್ನಡೆಸುವ ಕಾರ್ಯಕ್ರಮ ಎಂದು ಹೇಗೆ ಗುರುತಿಸುವುದು?”

ಒಂದು ಕೇಂದ್ರಕ್ಕೆ ಹೋದಾಗ ನಾವು ಮೊದಲು ನೋಡುವುದು ಬೀಗದ ಕೈ ಯಾರ ಕೈಯಲ್ಲಿದೆ ಎಂದು. ಎರಡನೆಯದು, ಕೇಂದ್ರ ತೆರೆಯುವ ಹೊತ್ತನ್ನು ಯಾರು ನಿಶ್ಚಯಿಸಿದರು ಎಂದು: ಬೆಳಗ್ಗೆ ಹತ್ತರಿಂದ ಐದರವರೆಗೆ ತೆರೆದಿದ್ದರೆ ಅದು ಕಚೇರಿಯವರ ಅನುಕೂಲಕ್ಕೆ, ಯಾಕೆಂದರೆ ಬಳಗಕ್ಕೆ ಬೇಕಿರುವುದು ಮುಂಜಾನೆ ಮತ್ತು ಮುಸ್ಸಂಜೆ. ಹಣದ ಲೆಕ್ಕ ನೋಡುವ ಸಮಿತಿಯಲ್ಲಿ ಬಳಸುವವರು ಎಷ್ಟು ಜನ, ಅವರ ಮಾತಿನಿಂದ ಕಳೆದ ವರ್ಷ ಏನು ಬದಲಾಯಿತು, ಬಳಗದ ಒಬ್ಬರನ್ನು ಹೊರಹಾಕಿದರೆ ಆ ತೀರ್ಮಾನ ಯಾರದು ಎಂದು ಕೇಳಿ. ‘ನಾವು ಅವರನ್ನು ವಿಚಾರಿಸುತ್ತೇವೆ’ ಎಂಬುದು ಉತ್ತರವಾದರೆ ವಿಚಾರಿಸುವ ಅಧಿಕಾರ ಇನ್ನೊಬ್ಬರ ಕೈಯಲ್ಲಿದೆ ಎಂದೇ ಅರ್ಥ. ಕೇಂದ್ರ ಸರ್ಕಾರದ ಮಾದಕ ವ್ಯಸನ ತಡೆ ಯೋಜನೆಯಡಿ ಹದಿಹರೆಯದವರಿಗಾಗಿ ನಡೆಯುವ ಪೀರ್ ಕಾರ್ಯಕ್ರಮ ಇನ್ನೊಂದು ಬಗೆಯದು. ಅದರ ಗುರಿ ಬಳಕೆ ಶುರುವಾಗದಂತೆ ಎಚ್ಚರಿಸುವುದು, ಅದನ್ನು ಇದರ ಜೊತೆ ಬೆರೆಸಬೇಡಿ.

“ಹೆಂಗಸರು ಕೇಂದ್ರಕ್ಕೆ ಬರುವುದೇ ಇಲ್ಲ. ಯಾಕೆ?”

ಬಳಸುವ ಗಂಡಸಿಗೆ ‘ಕೆಟ್ಟ’ ಎನ್ನುತ್ತಾರೆ, ಹೆಂಗಸಿಗೆ ‘ಕುಲಗೆಟ್ಟವಳು’ ಎನ್ನುತ್ತಾರೆ, ಮಕ್ಕಳಿದ್ದರೆ ಅವರನ್ನು ಕಸಿದುಕೊಳ್ಳುವ ಭಯವೂ ಇದೆ. ಗಂಡಸರೇ ತುಂಬಿದ ಡ್ರಾಪ್-ಇನ್ ಸೆಂಟರಿನ ಬಾಗಿಲಲ್ಲಿ ನಿಲ್ಲಲು ಕೂಡ ಅವರು ಹಿಂಜರಿಯುತ್ತಾರೆ. ಎಷ್ಟೋ ಮಹಿಳೆಯರಿಗೆ ಗಂಡ ಅಥವಾ ಸಂಗಾತಿಯೇ ಚುಚ್ಚುತ್ತಾನೆ, ಅವನದೇ ಸೂಜಿಯಿಂದ, ಅವನ ನಂತರ. ಆದ್ದರಿಂದ ಹೆಂಗಸರಿಗೆ ಹೆಂಗಸು ಪೀರ್, ಬೇರೆ ಹೊತ್ತು, ಬೇರೆ ಜಾಗ, ಮಗುವಿಗೆ ಹಾಲು, ಪ್ರಸೂತಿ ವೈದ್ಯರ ಸಂಪರ್ಕ, ಮನೆಯಲ್ಲಿ ಹೊಡೆತ ತಿನ್ನುವವರಿಗೆ ವಕೀಲರ ಸಂಪರ್ಕ ಬೇಕು. ಗರ್ಭಿಣಿ ಬಳಸುತ್ತಿದ್ದರೆ ಇದ್ದಕ್ಕಿದ್ದಂತೆ ನಿಲ್ಲಿಸಬೇಡಿ ಎಂದು ಪೀರ್ ಹೇಳಲೇಬೇಕು. ಓಪಿಯಾಯ್ಡ್ ಹಠಾತ್ ಬಿಟ್ಟರೆ ಮಗುವಿಗೆ ಅಪಾಯ, ಓಎಸ್‌ಟಿಯೇ ಸುರಕ್ಷಿತ ದಾರಿ.

“ನಾನು ವ್ಯಾಂಕೂವರಿನಲ್ಲಿದ್ದೇನೆ. ಇಲ್ಲಿ ಟೆಂಟ್ ಹಾಕಿ, ಕಣ್ಣೆದುರೇ ಚುಚ್ಚಿಕೊಳ್ಳಲು ಬಿಟ್ಟು ಕಾಯುತ್ತಾರೆ. ಅದು ಕೂಡ ಇದೇನಾ?”

ಹೌದು, ಇದರ ಇನ್ನೊಂದು ತುದಿ. ಅಲ್ಲಿ 2003ರಲ್ಲಿ ಇನ್‌ಸೈಟ್ ಎಂಬ ಮೇಲ್ವಿಚಾರಣೆಯ ಕೇಂದ್ರ ತೆರೆಯಿತು, ಅದನ್ನು ಮುಚ್ಚುವ ಪ್ರಯತ್ನವನ್ನು ಕೆನಡಾದ ಸುಪ್ರೀಂ ಕೋರ್ಟ್ 2011ರಲ್ಲಿ ತಡೆಯಿತು. ನಿಮ್ಮ ರಾಜ್ಯ 2016ರ ಏಪ್ರಿಲಿನಲ್ಲಿ, ಡೋಸ್ ಮಿತಿಮೀರಿದ ಸಾವುಗಳ ಕಾರಣ, ಆರೋಗ್ಯ ತುರ್ತು ಪರಿಸ್ಥಿತಿ ಘೋಷಿಸಿದ ಮೇಲೆ, ಅನುಮತಿಗೆ ಕಾಯದೆ ಡೌನ್‌ಟೌನ್ ಈಸ್ಟ್‌ಸೈಡಿನಲ್ಲಿ ಸ್ಥಳೀಯರೂ ಬಳಸುವವರೂ ಸೇರಿ ಟೆಂಟ್ ಹಾಕಿದರು, ಡಿಸೆಂಬರಿನಲ್ಲಿ ಸರ್ಕಾರವೇ ಅಂಥ ಕೇಂದ್ರಗಳಿಗೆ ಆದೇಶ ಕೊಟ್ಟಿತು. ಭಾರತದಲ್ಲಿ ಅಂಥದ್ದಕ್ಕೆ ಕಾನೂನಿನ ಜಾಗವಿಲ್ಲ. ನೀವು ಅಲ್ಲಿದ್ದರೆ ಉಚಿತವಾಗಿ ಸಿಗುವ ನಲಾಕ್ಸೋನ್ ಕಿಟ್ ಒಂದನ್ನು ಮನೆಯಲ್ಲಿ ಇಟ್ಟುಕೊಳ್ಳಿ, ಯಾವುದಕ್ಕೂ ಒಳ್ಳೆಯದು.

“ನಾನೂ ಬಳಸುತ್ತೇನೆ. ಪೀರ್ ಆಗಬೇಕು. ಎಲ್ಲಿ ಶುರು ಮಾಡಲಿ?”

ನಿಮ್ಮ ಜಿಲ್ಲೆಯ ಏಡ್ಸ್ ನಿಯಂತ್ರಣ ಘಟಕದಲ್ಲಿ, ಚುಚ್ಚಿಕೊಳ್ಳುವವರಿಗಾಗಿ ಉದ್ದೇಶಿತ ಕಾರ್ಯಕ್ರಮ ಇದೆಯೇ ಎಂದು ಕೇಳಿ. 1097ಕ್ಕೆ ಕರೆ ಮಾಡಿದರೆ ಎಚ್‌ಐವಿ ಪರೀಕ್ಷೆ ಮತ್ತು ಸೇವೆಗಳ ಮಾಹಿತಿ ಸಿಗುತ್ತದೆ, ವ್ಯಸನದ ಚಿಕಿತ್ಸೆಗೆ 14446, ಮನಸ್ಸಿನ ನೋವಿಗೆ 14416. ಬೆಂಗಳೂರಿನಲ್ಲಿದ್ದರೆ ನಿಮ್ಹಾನ್ಸಿನ ವ್ಯಸನ ಚಿಕಿತ್ಸಾ ಕೇಂದ್ರದ ಹೊರರೋಗಿ ವಿಭಾಗವೂ ಇದೆ. ಕಾರ್ಯಕ್ರಮ ಹತ್ತಿರವಿಲ್ಲದಿದ್ದರೆ, ಮೊದಲು ನಿಮ್ಮ ಜೊತೆ ಕೂರುವ ಮೂರು ನಾಲ್ಕು ಜನರ ನಡುವೆ ಒಪ್ಪಂದ ಮಾಡಿಕೊಳ್ಳಿ: ಒಬ್ಬರೇ ಬಳಸುವುದಿಲ್ಲ, ಎಲ್ಲರೂ ಒಮ್ಮೆಗೇ ಬಳಸುವುದಿಲ್ಲ, ಸದಾ ಒಬ್ಬರು ಎಚ್ಚರದಲ್ಲಿ ಇರುತ್ತಾರೆ, ಉಸಿರು ಕೊಡುವುದನ್ನು ಎಲ್ಲರೂ ಕಲಿತಿರುತ್ತಾರೆ, 108ಕ್ಕೆ ಕರೆ ಮಾಡಲು ಯಾರೂ ಹಿಂಜರಿಯುವುದಿಲ್ಲ.